ಯಾರೂ ಮುಟ್ಟದ ಆಸ್ಟಿನ್ ಕಾರು

ಯಜ್ಞನಾರಾಯಣರ ಆಸ್ಟಿನ್ ಕಾರಿನ ಬಣ್ಣ ಯಾವುದೆಂಬುದರಲ್ಲಿ ಹೇಳುವವರಿಗೆ ಒಮ್ಮತವಿಲ್ಲ. ಹಲಸೂರಿನವರು ಕಪ್ಪು ಎನ್ನುತ್ತಾರೆ, ಕುಕ್ ಟೌನಿನವರು ಕಡುಹಸಿರು ಎನ್ನುತ್ತಾರೆ. ಶಿವಾಜಿನಗರದ ಸ್ಟುಡಿಯೋದವರನ್ನು ಕೇಳಿದರೆ ಎರಡೂ ಸರಿಯಂತೆ: ಕಾರು ಕಪ್ಪಾಗಿ ಹುಟ್ಟಿ, ಮೂವತ್ತೆಂಟು ವರ್ಷ ಬಿಸಿಲು ಕುಡಿದು, ಬಾನೆಟ್ಟಿನ ಕಡೆಯಿಂದ ಹಸಿರಿಗೆ ತಿರುಗಿಕೊಂಡಿತ್ತು. ಅದಕ್ಕೆ ಎರಡನೆಯ ಸಲ ಯಾರೂ ಬಣ್ಣ ಬಳಿದಿರಲಿಲ್ಲ ಎಂಬ ಮಾತನ್ನು ಮಾತ್ರ ಮೂರೂ ಕಡೆಯವರು ಒಪ್ಪುತ್ತಾರೆ.

ಯಜ್ಞನಾರಾಯಣರು ಸರ್ಕಾರಿ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿದ್ದರು. ಮುಂದೆ ಬಂದ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಗುರುತು ಹಾಕಿ ಹಿಂದಕ್ಕೆ ತಳ್ಳುವುದು ಅವರ ಕೆಲಸ. ಇಪ್ಪತ್ತಾರು ವರ್ಷಗಳಲ್ಲಿ ಸುಳ್ಳು ಸಹಿ ಒಂದನ್ನೂ ಹಾಕಿರಲಿಲ್ಲ. ಆ ಸಂಗತಿಯನ್ನು ಯಾರೂ ಮರೆಯದಂತೆಯೂ ನೋಡಿಕೊಂಡಿದ್ದರು. ಕಾರನ್ನು ಅವರು ನಲವತ್ತೇಳರಲ್ಲಿ, ಇಂಗ್ಲೆಂಡಿಗೆ ಹೊರಟುನಿಂತ ಸೈನ್ಯದ ಡಾಕ್ಟರೊಬ್ಬರಿಂದ ಕೊಂಡಿದ್ದರು. ಹಿಂಬದಿಯ ತಗ್ಗು ಆ ಡಾಕ್ಟರದೇ, ದಂಡು ರೈಲು ನಿಲ್ದಾಣದ ಗೋಡೆಗೆ ಗುದ್ದಿದ್ದು. ಎಡಗಡೆಯ ಮಡ್‌ಗಾರ್ಡಿನದು ಹಲಸೂರು ಮಾರ್ಕೆಟ್ಟಿನ ಜಟಕಾ ಕುದುರೆಯ ಒದೆತ. ಬಾಗಿಲಿನ ಮೇಲಿದ್ದ ವಕ್ರವಾದ ‘ಅ’ ಮಗಳು ಅಂಬುಜಾ ಅಕ್ಷರಾಭ್ಯಾಸದ ವರ್ಷ ಮೊಳೆಯಲ್ಲಿ ಬರೆದದ್ದು. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಈ ಗಾಯಗಳ ದರ್ಶನವಾಗುತ್ತಿತ್ತು.

ಎಪ್ಪತ್ತೆರಡರಲ್ಲಿ ಇಂದಿರಾನಗರದ ಸೈಟಿನಲ್ಲಿ ಮನೆ ಏಳತೊಡಗಿದಾಗ ಪೇಚು ಬಂತು. ಗೋಡೆಯ ಪಕ್ಕಕ್ಕೆ ಉಳಿದದ್ದು ಎಂಟು ಅಡಿ ಜಾಗ. ಯಜಮಾನರು ಅಲ್ಲಿ ಕಾರಿನ ಶೆಡ್ಡು ಎಂದರು. ಅವರ ಹೆಂಡತಿ ಸೀತಮ್ಮ ಬಟ್ಟೆ ಒಗೆಯುವ ಕಲ್ಲು ಎಂದರು.

“ಅಲ್ರೀ, ಹೊಸ ಮನೆ ಮುಂದೆ ಈ ತಗಡು ನಿಲ್ಸಿದ್ರೆ ಗೃಹಪ್ರವೇಶಕ್ಕೆ ಬಂದೋರು ಏನಂತಾರೆ?”

“ತಗಡಲ್ಲ ಕಣೇ. ಅದು ಮೂಲಸ್ಥಿತಿ.”

“ಹಾಗಾದ್ರೆ ನಾನೂ ಮೂಲಸ್ಥಿತಿ ಅಂತ ಧಾರೆ ಸೀರೆ ಹರಿದಿರೋದನ್ನೇ ಉಟ್ಕೊಂಡು ನಿಲ್ತೀನಿ. ಅಕ್ಕಪಕ್ಕ ನಿಲ್ಲೋಣ, ನಾನೂ ನಿಮ್ಮ ಕಾರೂ.”

ಕೊನೆಗೆ ಸೀತಮ್ಮನೇ ಒಂದು ಕರಾರು ಹಾಕಿದರು. ಹಳೆಯ ಮೋಟಾರುಗಳ ಸಂಘದವರು ಜನವರಿಯಲ್ಲಿ ಹಲಸೂರು ಕೆರೆಯ ಹತ್ತಿರದ ಮೈದಾನದಲ್ಲಿ ಪ್ರದರ್ಶನ ನಡೆಸುವವರಿದ್ದರು. ಅಲ್ಲಿ ಕಾರಿಗೆ ಬಹುಮಾನ ಬಂದರೆ ಶೆಡ್ಡು. ಬಾರದಿದ್ದರೆ ಶಿವಾಜಿನಗರದ ಗುಜರಿ. ಯಜ್ಞನಾರಾಯಣರು ಒಪ್ಪಿದರು, ಆ ರಾತ್ರಿಯಿಂದಲೇ ಅವರಿಗೆ ಊಟ ರುಚಿಸದಾಯಿತು.

ಸಂಘದಲ್ಲಿ ಎರಡು ವರ್ಗಗಳಿದ್ದವು. ಮೊದಲನೆಯದು ಏನನ್ನೂ ಬದಲಿಸದ ಮೂಲಸ್ಥಿತಿಯ ಕಾರುಗಳಿಗೆ; ಎರಡನೆಯದು ಬಣ್ಣ ಬಳಿದು ಹೊಸದು ಮಾಡಿದ ನವೀಕೃತ ಕಾರುಗಳಿಗೆ. ಈ ಎರಡನೆಯ ವರ್ಗದವರನ್ನು ಯಜ್ಞನಾರಾಯಣರು ತಲೆಗೆ ಕಪ್ಪು ಹಚ್ಚಿಕೊಂಡ ಮುದುಕರಂತೆ ಕನಿಕರದಿಂದ ನೋಡುತ್ತಿದ್ದರು. ತೀರ್ಪುಗಾರರು ಮದರಾಸಿನ ಮೂವರು ವೃದ್ಧರು. ಅವರು ಪ್ರಯಾಣ ಮಾಡುವವರಲ್ಲ. ಕಾರಿಗೆ ನಾಲ್ಕರಂತೆ ಫೋಟೋ ತರಿಸಿಕೊಂಡು ನೋಡುವವರು. ಮಾಲೀಕರು ಕೈಚಳಕ ತೋರಿಸಬಾರದೆಂದು, ಫೋಟೋಗಳನ್ನು ಛಾಯಾಗ್ರಾಹಕನೇ ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ ನೇರವಾಗಿ ಅಂಚೆಗೆ ಹಾಕಬೇಕೆಂಬ ನಿಯಮವಿತ್ತು. ಈ ನಿಯಮವನ್ನು ಓದಿ ಯಜ್ಞನಾರಾಯಣರಿಗೆ ಸಂಘದ ಮೇಲಿನ ಗೌರವ ಇಮ್ಮಡಿಯಾಯಿತು.

ಫೋಟೋಗೆ ಅವರು ಗೊತ್ತು ಮಾಡಿದ್ದು ಇನಾಯತ್ ಉಲ್ಲಾ ಸಾಹೇಬರನ್ನು. ರಸೆಲ್ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಅವರ ಸ್ಟುಡಿಯೋ. ದಂಡುಪ್ರದೇಶದ ಅರ್ಧದಷ್ಟು ಮದುವೆಗಳು ಅವರ ಕ್ಯಾಮೆರಾದ ಮುಂದೆ ಹಾದುಹೋಗಿದ್ದವು. ಕಾರುಗಳನ್ನೂ ಅವರು ಮದುಮಕ್ಕಳಂತೆಯೇ ಕಾಣುತ್ತಿದ್ದರು.

“ಆರೂವರೆಗೆ ಬನ್ನಿ ಸಾರ್,” ಎಂದಿದ್ದರು. “ಬಿಸಿಲು ಏರಿ ಬಾನೆಟ್ ಮೇಲೆ ಕೂತ್ರೆ ಬಿಳೀ ತಟ್ಟೆ ಕಾಣತ್ತೆ, ಕಾರು ಕಾಣಲ್ಲ.”

ಪ್ರದರ್ಶನದ ದಿನ ಆಸ್ಟಿನ್ ನಿಂತ ಜಾಗ ನೋಡಿ ಸಾಹೇಬರು ತಲೆಯಾಡಿಸಿದರು. ಹಿಂದಿದ್ದ ಮರ ಕಾರಿನ ನೆತ್ತಿಯಿಂದಲೇ ಮೊಳೆತಂತೆ ಕಾಣುತ್ತಿತ್ತು. ಇಬ್ಬರೂ ಸೇರಿ ಕಾರನ್ನು ಎರಡು ಗಜ ತಳ್ಳಿದರು. ಆಗ ಶಾಮಿಯಾನದ ಕಂಬ ಅಡ್ಡಬಂತು. ಮತ್ತೆ ಒಂದು ಗಜ. ಸುತ್ತಲೂ ಉಳಿದ ಫೋಟೋದವರು ನಿಂತುಕೊಂಡೇ ಕ್ಲಿಕ್ಕಿಸುತ್ತಿದ್ದರು. ಸಾಹೇಬರು ಮಾತ್ರ ಮುಕ್ಕಾಲಿಯನ್ನು ಗಿಡ್ಡ ಮಾಡಿ, ಹೆಡ್‌ಲೈಟಿನ ಮಟ್ಟಕ್ಕೆ ಮಂಡಿಯೂರಿದರು.

“ಮಗು ಫೋಟೋ ಮೇಲಿಂದ ತೆಗೀತಾರಾ ಸಾರ್? ಅದ್ರ ಕಣ್ಣಿನ ಮಟ್ಟಕ್ಕೆ ಇಳೀಬೇಕು. ಕಾರ್‌ಗೆ ಲೈಟೇ ಕಣ್ಣು. ಸ್ಟೇರಿಂಗ್ ಸ್ವಲ್ಪ ಈ ಕಡೆ ತಿರುಗ್ಸಿ. ಸ್ವಲ್ಪಾನೇ. ಮದುಮಗಳು ನಾಚ್ಕೊಂಡಷ್ಟು.”

ಚಕ್ರ ನಾಚಿಕೊಂಡಿತು. ಸಾಹೇಬರು ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, ಅಲ್ಲಿಂದಲೇ ಕೂಗಿದರು.

“ಸಾರ್, ದೂರ ಹೋಗಿ. ಬಂಪರ್ ಒಳ್ಗೆ ನಿಮ್ಮ ಬಿಳೀ ಶರ್ಟು ನಿಂತಿದೆ.”

ಯಜ್ಞನಾರಾಯಣರು ಹತ್ತು ಹೆಜ್ಜೆ ಸರಿದರು.

“ಇನ್ನೂ ದೂರ. ಶರ್ಟು ಹೋಯ್ತು, ಹೊಟ್ಟೆ ಇದೆ.”

ಕೂತು ಚಿತ್ರಾನ್ನ ತಿನ್ನಲು ಸೀತಮ್ಮ ತಂದಿದ್ದ ಬಿಳಿಯ ಹಾಸಿಗೆ ವಸ್ತ್ರವನ್ನೂ ಸಾಹೇಬರು ಬಿಡಲಿಲ್ಲ. ಅದನ್ನು ನೆಲದ ಮೇಲೆ ಹರಡಿಸಿ, ಅದರಿಂದ ಪುಟಿದ ಬೆಳಕನ್ನು ಮಡ್‌ಗಾರ್ಡಿನ ಕೆಳಗಿನ ಕತ್ತಲಿಗೆ ನುಗ್ಗಿಸಿದರು. ಸೀತಮ್ಮ ಡಬ್ಬಿ ಹಿಡಿದು ಹುಲ್ಲಿನ ಮೇಲೆ ಕುಳಿತು, ಇಷ್ಟು ಉಪಚಾರ ತಮ್ಮ ಮದುವೆಯಲ್ಲಿ ತಮಗೂ ಆಗಿರಲಿಲ್ಲವೆಂದು ಗಟ್ಟಿಯಾಗಿಯೇ ಹೇಳಿದರು.

ಎಲ್ಲ ಮುಗಿಯುವ ಮುನ್ನ ಯಜ್ಞನಾರಾಯಣರು ಸಾಹೇಬರ ಕೈಹಿಡಿದು ಕಾರಿನ ಸುತ್ತ ಕರೆದೊಯ್ದರು. ಡಾಕ್ಟರ ತಗ್ಗು, ಕುದುರೆಯ ಒದೆತ, ಮಗಳ ‘ಅ’, ಹೀಗೆ ಒಂದೊಂದಕ್ಕೂ ಬೆರಳಿಟ್ಟು ತೋರಿಸಿದರು. “ಇದು ನೋಡಿ ಸಾಹೇಬ್ರೆ, ಇದು ಮುಖ್ಯ. ಇದೂ ಮುಖ್ಯ.”

“ಗೊತ್ತಾಯ್ತು ಸಾರ್,” ಎಂದರು ಸಾಹೇಬರು. ಪುಟ್ಟ ಪುಸ್ತಕದಲ್ಲಿ ಹನ್ನೊಂದು ಗುರುತು ಮಾಡಿಕೊಂಡರು. “ನೀವು ಯೋಚ್ನೇನೇ ಮಾಡ್ಬೇಡಿ.”

ಆರು ವಾರಗಳ ಮೇಲೆ ಮದರಾಸಿನಿಂದ ಕಾಗದ ಬಂತು. ಕಾರನ್ನು ಮೂಲಸ್ಥಿತಿಯ ವರ್ಗದಲ್ಲಿ ಪರಿಗಣಿಸಲಾಗದು, ಏಕೆಂದರೆ ಅದಕ್ಕೆ ಈಚೆಗಷ್ಟೇ ಬಣ್ಣ ಬಳಿದಿರುವುದು ಚಿತ್ರಗಳಲ್ಲಿ ಸ್ಪಷ್ಟವಾಗಿದೆ, ಎಂದು ತೀರ್ಪುಗಾರರು ಬರೆದಿದ್ದರು. ಆದರೂ ಕೆಲಸದ ಸೊಗಸನ್ನು ಮೆಚ್ಚಿ, ಅವರೇ ದೊಡ್ಡ ಮನಸ್ಸು ಮಾಡಿ ಕಾರನ್ನು ನವೀಕೃತ ವರ್ಗಕ್ಕೆ ವರ್ಗಾಯಿಸಿ ಮೊದಲನೆಯ ಬಹುಮಾನ ಕೊಟ್ಟಿದ್ದರು. ಜೊತೆಗೆ ಒಂದು ನಮೂನೆ: ನವೀಕರಿಸಿದವರ ಹೆಸರು, ಬಳಸಿದ ಸಾಧನ, ಹಿಡಿದ ಕಾಲ. ಕೆಳಗೆ, ಮೇಲಿನದೆಲ್ಲ ಸತ್ಯವೆಂದು ಮಾಲೀಕರ ಸಹಿ. ಅದು ಬಾರದೆ ಬಹುಮಾನದ ಕಪ್ಪು ಬಾರದು.

ಯಜ್ಞನಾರಾಯಣರು ಕಾಗದವನ್ನು ಸೀತಮ್ಮನಿಗೆ ತೋರಿಸದೆ ಜೇಬಿಗಿಟ್ಟುಕೊಂಡು ಶಿವಾಜಿನಗರಕ್ಕೆ ಹೋದರು.

ಸಾಹೇಬರು ಸಂತೋಷದಿಂದಲೇ ಪ್ರತಿಗಳನ್ನು ತಂದು ಹರಡಿದರು. ಆಸ್ಟಿನ್ ಆಗತಾನೆ ಕಾರ್ಖಾನೆಯಿಂದ ಹೊರಬಿದ್ದಂತೆ ನುಣ್ಣಗೆ ನಿಂತಿತ್ತು. ಕುದುರೆ ಒದ್ದಿರಲಿಲ್ಲ, ಡಾಕ್ಟರು ಗುದ್ದಿರಲಿಲ್ಲ, ಅಂಬುಜಾ ಹುಟ್ಟಿಯೇ ಇರಲಿಲ್ಲ.

“ಇದೇನ್ ಸಾಹೇಬ್ರೆ ಇದು?”

“ಯಾಕ್ ಸಾರ್, ಏನಾದ್ರೂ ಉಳ್ಕೊಳ್ತಾ?” ಸಾಹೇಬರು ಗಾಬರಿಯಿಂದ ಭೂತಗನ್ನಡಿ ಎತ್ತಿಕೊಂಡರು. “ಹನ್ನೊಂದೂ ತೆಗ್ದಿದೀನಿ. ನೆಗಟಿವ್ ಮೇಲೆ ತಗ್ಗಿಗೆಲ್ಲ ಪೆನ್ಸಿಲ್, ಗೀರಿಗೆಲ್ಲ ಬ್ಲೇಡು. ಎರಡೂವರೆ ದಿನದ ಕೆಲ್ಸ. ಆ ‘ಅ’ ಇದ್ಯಲ್ಲ, ಅದೊಂದೇ ಅರ್ಧ ದಿನ ತಿಂತು.”

“ತೆಗೀರಿ ಅಂತ ಯಾರ್ ಹೇಳಿದ್ರು?”

“ನೀವೇ ಬೆರಳಿಟ್ಟು ತೋರ್ಸಿದ್ರಲ್ಲ ಸಾರ್.”

ಆಗ ಯಜ್ಞನಾರಾಯಣರಿಗೆ ವಿಷಯ ಹೊಳೆಯಿತು. ಮೂವತ್ತು ವರ್ಷಗಳಿಂದ ಆ ಸ್ಟುಡಿಯೋಗೆ ಬಂದ ತಾಯಂದಿರು ಮಗಳ ಕೆನ್ನೆಯ ಸಿಡುಬಿನ ಕಲೆಗೆ, ಹಣೆಯ ಗಾಯಕ್ಕೆ ಬೆರಳಿಟ್ಟು ತೋರಿಸಿದ್ದರು. ತೋರಿಸಿದ್ದು ಇರಲಿ ಎಂದು ತೋರಿಸಿದವರು ಒಬ್ಬರೂ ಇರಲಿಲ್ಲ.

“ಇದು ಸುಳ್ಳಲ್ವಾ ಸಾಹೇಬ್ರೆ?” ಎಂದರು ಸೋತ ದನಿಯಲ್ಲಿ.

“ಸುಳ್ಳು ಹೆಂಗಾಗತ್ತೆ? ನಿಮ್ಮ ತಾಯಿಯವ್ರ ಫೋಟೋ ಮಾಡ್ಕೊಟ್ನಲ್ಲ, ಕಣ್ಣಿನ ಕೆಳ್ಗಿನ ಸುಕ್ಕೆಲ್ಲ ತೆಗ್ದೆ. ನೀವು ನೋಡಿ ‘ಥೇಟ್ ಅಮ್ಮನೇ’ ಅಂದ್ರಿ. ಕಣ್ಣಲ್ಲಿ ನೀರೂ ಬಂತು.”

ಇಪ್ಪತ್ತಾರು ವರ್ಷ ಕೂದಲೆಳೆಯನ್ನೂ ಬಿಡದ ತಪಾಸಣಾಧಿಕಾರಿಯ ಕಣ್ಣಿಗೆ ಆ ಸುಕ್ಕುಗಳ ಕೊರತೆ ಬಿದ್ದಿರಲಿಲ್ಲ. ಆ ಫೋಟೋ ಅವರ ನಡುಮನೆಯ ಗೋಡೆಯ ಮೇಲೆ ದಿನವೂ ಹೂವೇರಿಸಿಕೊಳ್ಳುತ್ತಿತ್ತು.

ಅವರು ನಮೂನೆಯನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ನಿಜ ಹೇಳಿ ಬಹುಮಾನ ಹಿಂದಿರುಗಿಸಿದರೆ ಕಾರು ಈ ಬೀದಿಯ ಆಚೆ ತುದಿಯ ಗುಜರಿಯಲ್ಲಿ ಬಿಡಿಬಿಡಿಯಾಗುತ್ತಿತ್ತು. ಯಾವುದೋ ವರ್ಕ್‌ಶಾಪಿನ ಹೆಸರು ಬರೆದರೆ ಕಾರು ಉಳಿಯುತ್ತಿತ್ತು, ಸಹಿ ಕೆಡುತ್ತಿತ್ತು. ಸಾಹೇಬರು ಚಹಾ ತರಿಸಿದರು. ಚಹಾ ಆರಿತು. ಕಡೆಗೆ ಯಜ್ಞನಾರಾಯಣರು ಪೆನ್ನು ತೆಗೆದು, ಕೇಳಿದ್ದಕ್ಕೆ ಕೇಳಿದಷ್ಟನ್ನೇ ಬರೆದರು. ನವೀಕರಿಸಿದವರು: ಇನಾಯತ್ ಉಲ್ಲಾ, ಶಿವಾಜಿನಗರ. ಸಾಧನ: ಪೆನ್ಸಿಲ್, ಬ್ಲೇಡು. ಕಾಲ: ಎರಡೂವರೆ ದಿನ. ಒಂದಕ್ಷರವೂ ಸುಳ್ಳಾಗಿರಲಿಲ್ಲ. ಮೂರು ಸಲ ಓದಿ ಸಹಿ ಹಾಕಿದರು. ಮದರಾಸಿನವರು ಓದಿ ನಕ್ಕು ಕಾರನ್ನು ಪಟ್ಟಿಯಿಂದ ಹೊಡೆದುಹಾಕಿದರೆ ಅದು ಅವರ ತೀರ್ಮಾನ ಎಂದುಕೊಂಡರು. ಅವರು ನಗದೆ ಇರಲಿ ಎಂದು ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡರು.

ಮದರಾಸಿನವರು ನಗಲಿಲ್ಲ. ಯಂತ್ರಗಳಿಗೆ ಕೈಚಾಚದೆ, ಬರಿಯ ಬ್ಲೇಡಿನಿಂದ ಹಳೆಯ ಬಣ್ಣ ಹೆರೆದು, ಪೆನ್ಸಿಲಿನಲ್ಲಿ ಗೆರೆ ಹಾಕಿ ಕೆಲಸ ಮಾಡುವ ಕುಶಲಿಗರು ಬೆಂಗಳೂರು ದಂಡಿನಲ್ಲಿ ಇನ್ನೂ ಇರುವುದು ಹೆಮ್ಮೆಯ ಸಂಗತಿ ಎಂದು ಬರೆದು, ಕಪ್ಪನ್ನು ಕಳುಹಿಸಿಕೊಟ್ಟರು.

ಸೀತಮ್ಮ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೊರಗೆ ಹೋಗಿ ಕಾರನ್ನೂ ನೋಡಿ ಬಂದರು.

“ಇದಕ್ಕಾ?”

“ಅದಕ್ಕೇ.”

“ಪಾಪ, ಮದ್ರಾಸಿನೋರು,” ಎಂದರು ಸೀತಮ್ಮ. ಆದರೆ ಕೊಟ್ಟ ಮಾತಿಗೆ ತಪ್ಪುವವರಲ್ಲ. ಎಂಟು ಅಡಿ ಜಾಗದಲ್ಲಿ ಶೆಡ್ಡು ಎದ್ದಿತು, ಒಗೆಯುವ ಕಲ್ಲು ಅದರ ಮೂಲೆಗೇ ಸೇರಿಕೊಂಡಿತು.

ಇಷ್ಟಾದ ಮೇಲೆ ಯಜ್ಞನಾರಾಯಣರಿಗೆ ಹೊಸ ಪಾಡು. ಬಹುಮಾನದ ಕಾರು ನೋಡಬೇಕೆಂದು ಜನ ಬರತೊಡಗಿದರು. ಬಂದವರಿಗೆ ಅವರು ಮೊದಲು ಕಾಫಿ ಕೊಡಿಸುತ್ತಿದ್ದರು, ಆಮೇಲೆ ಫೋಟೋ ತೋರಿಸುತ್ತಿದ್ದರು, ಆಮೇಲೆ ಶೆಡ್ಡಿನ ಬೀಗದ ಕೈ ಎಲ್ಲೋ ಕಳೆದುಹೋಗಿರುತ್ತಿತ್ತು. ಕುಕ್ ಟೌನಿನವರೊಬ್ಬರು ತಮ್ಮ ನುಗ್ಗಾದ ಮಾರಿಸ್ ಕಾರನ್ನು ನೇರವಾಗಿ ಇನಾಯತ್ ಉಲ್ಲಾ ಸಾಹೇಬರ ಸ್ಟುಡಿಯೋ ಬಾಗಿಲಿಗೇ ತಂದು ನಿಲ್ಲಿಸಿ, ಎಷ್ಟು ದಿನ ಬಿಟ್ಟು ಹೋಗಬೇಕೆಂದು ಕೇಳಿದರಂತೆ.

ಹೊರಗಿನವರಲ್ಲಿ ಶೆಡ್ಡಿನ ಬಾಗಿಲು ತೆರೆಯುತ್ತಿದ್ದದ್ದು ಒಬ್ಬರಿಗೇ. ತಿಂಗಳಿಗೊಂದು ಭಾನುವಾರ ಸಾಹೇಬರು ಕ್ಯಾಮೆರಾ ಸಮೇತ ಸೈಕಲ್ಲಿನಲ್ಲಿ ಇಂದಿರಾನಗರಕ್ಕೆ ಬರುತ್ತಿದ್ದರು. ಇಬ್ಬರೂ ಒಳಗೆ ಹೋಗಿ ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬರುತ್ತಿದ್ದರು. ಒಂದೊಂದು ಗಾಯವನ್ನೂ ಪೆನ್ಸಿಲ್ ಮೊನೆಯಲ್ಲಿ ಮುಟ್ಟಿ ಅಳಿಸಿದ್ದ ಸಾಹೇಬರಿಗೆ ಅವುಗಳ ಅಂಚು, ಆಳ, ತಿರುವು ಎಲ್ಲ ಬಾಯಿಪಾಠವಾಗಿತ್ತು. ಆ ಕಾರನ್ನು ಅಷ್ಟು ಬಲ್ಲ ಇನ್ನೊಬ್ಬರು ಲೋಕದಲ್ಲಿರಲಿಲ್ಲ.

ಒಂದು ಭಾನುವಾರ ಅವರು ಕಾರಿನ ಹಿಂಬಾಗಿಲ ಬಳಿ ಥಟ್ಟನೆ ನಿಂತು, ಹೆಡ್‌ಲೈಟಿನ ಮಟ್ಟಕ್ಕೆ ಮಂಡಿಯೂರಿದರು.

“ಸಾರ್, ಇದು ನಾನು ತೆಗ್ದಿದ್ದಲ್ಲ. ಹೊಸದು.”

ಯಜ್ಞನಾರಾಯಣರೂ ಪಕ್ಕದಲ್ಲಿ ಮಂಡಿಯೂರಿ ನೋಡಿದರು. ಮೊಳದುದ್ದದ ಗೀರು, ಬಕೆಟ್ಟಿನ ಅಂಚಿನಷ್ಟು ಬಾಗಿದ್ದು. ಶೆಡ್ಡಿನ ಮೂಲೆಯಲ್ಲಿ ಸೀತಮ್ಮ ಇವರ ಕಡೆಗೆ ಬೆನ್ನು ಮಾಡಿ, ಸೀರೆಯನ್ನು ಕಲ್ಲಿಗೆ ಎಂದಿಗಿಂತ ಜೋರಾಗಿ ಒಗೆಯುತ್ತಿದ್ದರು.

“ಇರ್ಲಿ ಬಿಡಿ ಸಾಹೇಬ್ರೆ,” ಎಂದರು ಯಜ್ಞನಾರಾಯಣರು. ಬಹಳ ತಿಂಗಳ ಮೇಲೆ ಅವರ ಮುಖ ಅರಳಿತ್ತು. “ಬೆಳಕು ಚೆನ್ನಾಗಿದೆ. ಇದೊಂದನ್ನ ಇದ್ದ ಹಾಗೇ ತೆಗೀರಿ.”