ಮೆಟ್ಟಿಲಾದ ಗೋರಿಕಲ್ಲು

ಕನಕಪುರದ ಕಡೆಯ ಬಂಡೆಯೊಂದರಿಂದ ಸೀಳಿ ತೆಗೆದ ಚಪ್ಪಡಿ ನಾನು. ಹುಟ್ಟಿದಾಗ ನನಗೆ ಹೆಸರಿರಲಿಲ್ಲ. ಇನ್ನಾಸಪ್ಪನೆಂಬ ರೈತ, ಮೂರು ವರ್ಷದ ಮಗಳನ್ನು ಬಿಟ್ಟು ತೀರಿಕೊಂಡ ಹೆಂಡತಿಯ ಹೆಸರನ್ನು ನನ್ನ ಮೇಲೆ ಕೆತ್ತಿಸಿದ: ಮರಿಮಾದಲೆ. ಹಳ್ಳಿಯ ಚರ್ಚಿನ ಹಿಂದೆ, ನೇರಳೆ ಮರದಡಿ, ಅವಳ ಗೋರಿಯ ಮೇಲೆ ನನ್ನನ್ನು ಮಲಗಿಸಿದರು. ಸತ್ತವರ ಹಬ್ಬ ಬಂದರೆ ನನಗೆ ಸ್ನಾನ, ಚೆಂಡುಹೂ, ಮೇಣದಬತ್ತಿ. ಮದುವಣಗಿತ್ತಿಯ ಹಾಗೆ ಮೆರೆಯುತ್ತಿದ್ದೆ.

ಇನ್ನಾಸಪ್ಪನೂ ಹೋದ. ಮಗಳನ್ನು ಸೋದರಮಾವ ಕೋಲಾರದ ಕಡೆ ಕರೆದೊಯ್ದ. ಹೂ ಇಡುವವರಿಲ್ಲದೆ ಸುತ್ತ ಲಂಟಾನ ಪೊದೆ ಬೆಳೆಯಿತು. ಆಮೇಲೊಂದು ವರ್ಷ ಚರ್ಚಿನ ಬಾಗಿಲ ಮೆಟ್ಟಿಲು ಮುರಿಯಿತು. ಮಕ್ಕಳಿಗೆ ಜಪ ಹೇಳಿಕೊಡುತ್ತಿದ್ದ ಉಪದೇಶಿ ಚೌರಪ್ಪ ಹಿಂದೆಮುಂದೆ ನೋಡದೆ ನನ್ನನ್ನೇ ಎತ್ತಿಸಿ ತಂದು ಅಲ್ಲಿ ಹಾಕಿಸಿದ. ಪಾಪಕ್ಕೆ ಹೆದರುವ ಮನುಷ್ಯ. ಹೆಸರನ್ನು ಯಾರೂ ತುಳಿಯಬಾರದೆಂದು ಬೋರಲು ಮಲಗಿಸಿದ. ಚಪ್ಪಲಿ ಬಿಟ್ಟು ಬರುವ ಊರಿನ ಬರಿಗಾಲುಗಳೆಲ್ಲ ನನ್ನ ಬೆನ್ನಿಗೆ ಪರಿಚಯವಾದವು. ರಸ್ತೆ ಬದಿ ಹೊಸ ಚರ್ಚು ಎದ್ದ ಮೇಲೆ ಅವೂ ಬರಲಿಲ್ಲ. ಬೀಗದ ಕೈ ಇಟ್ಟುಕೊಂಡ ಮುದುಕ ಚೌರಪ್ಪನೊಬ್ಬ ಉಳಿದ.

ಮೊನ್ನೆ ಬೆಳಿಗ್ಗೆ ಅರವತ್ತು ದಾಟಿದ ಹೆಂಗಸೊಬ್ಬಳು ನನ್ನನ್ನು ಹತ್ತಿ ಒಳಗೆ ಹೋಗಿ ಕೈಮುಗಿದು ಬಂದು ಚೌರಪ್ಪನ ಮುಂದೆ ನಿಂತಳು.

"ನಾನು ಇನ್ನಾಸಪ್ಪನ ಮಗಳು ಲೂರ್ದು. ಅವ್ವನ ಒಂದು ಫೋಟೋನೂ ನನ್ ಹತ್ರ ಇಲ್ಲ ದೊಡ್ಡಪ್ಪ. ಗೋರಿ ಮೇಲಿನ ಹೆಸರನ್ನಾದ್ರೂ ಮುಟ್ಟಿ ನೋಡ್ಬೇಕು."

ಚೌರಪ್ಪ "ಹುಡುಕವ್ವ" ಎಂದಷ್ಟೇ ಹೇಳಿ ಮುಖ ತಿರುಗಿಸಿದ. ಮಧ್ಯಾಹ್ನದವರೆಗೂ ಆಕೆ ಚರ್ಚಿನ ಹಿಂದಿನ ಗೋರಿಗಳ ನಡುವೆ ಮುಳ್ಳು ಸರಿಸುತ್ತಾ ಒಂದೊಂದೇ ಕಲ್ಲು ಸವರಿದಳು. ಮಳೆ ಬಿಸಿಲಿಗೆ ಅಲ್ಲಿನ ಹೆಸರುಗಳೆಲ್ಲ ಅಳಿಸಿಹೋಗಿದ್ದವು. ಕೊನೆಗೆ ಸೋತು ಬಂದು ನನ್ನ ಮೇಲೆಯೇ ಕೂತು ಅತ್ತಳು. ನನ್ನ ಸಂಕಟ ಯಾರಿಗೆ ಹೇಳಲಿ? ಬಾಯಿದ್ದ ಮುದುಕನೇ ಸುಮ್ಮನಿದ್ದ!

ಆಕೆ ಚೀಲ ಎತ್ತಿಕೊಂಡು ಹೊರಟಾಗ ಅವನಿಗೆ ತಡೆಯಲಾಗಲಿಲ್ಲ.

"ನಿಲ್ಲವ್ವ. ತಪ್ಪು ನಂದು. ನೀನು ಕೂತಿದ್ದೆಯಲ್ಲ, ಆ ಮೆಟ್ಲೇ ನಿಮ್ಮವ್ವನ ಕಲ್ಲು."

ಪಕ್ಕದ ಹೊಲದವರು ಬಂದು ಹಾರೆ ಹಾಕಿ ನನ್ನನ್ನು ಮಗುಚಿದರು. ಮಣ್ಣು ಒರೆಸಿದರೆ, ಮಳೆ ಬಿಸಿಲು ಕಾಣದ ಅಕ್ಷರಗಳು ನಿನ್ನೆ ಕೆತ್ತಿದ ಹಾಗಿದ್ದವು. ಲೂರ್ದು ಬೆರಳಿಟ್ಟು "ಮರಿಮಾದಲೆ" ಎಂದು ಓದಿದಳು. ಮರುಕ್ಷಣ ಬೆಚ್ಚಿದಳು.

"ಅಯ್ಯೋ, ಅವ್ವನ್ನೇ ತುಳಿದೆನಲ್ಲ ದೊಡ್ಡಪ್ಪ!"

"ಬುಡವ್ವ," ಎಂದ ಚೌರಪ್ಪ ಕಣ್ಣೊರೆಸಿಕೊಳ್ಳುತ್ತಾ. "ಮೂರು ವರ್ಸದೋಳಿದ್ದಾಗ ನೀನು ಅವಳ ಬೆನ್ನೇರಿ ಕುಣೀತಿದ್ದೆ, ನಾನೇ ಕಂಡಿವ್ನಿ. ಆಗೇನಾದ್ರೂ ಬೈದಳಾ?"

ಈಗ ನೇರಳೆ ಮರದಡಿ ಮತ್ತೆ ಮಲಗಿದ್ದೇನೆ, ಮುಖ ಮೇಲಾಗಿ. ಈ ಹೆಸರನ್ನೂ ಮಳೆ ಒಂದು ದಿನ ತೊಳೆದೊಯ್ಯುತ್ತದೆ. ಒಯ್ಯಲಿ ಬಿಡಿ. ಓದಬೇಕಾದವಳು ಓದಿಯಾಗಿದೆ.