ಉಪ್ಪಿನ ಮರಿಗೆ

ಚಾಪೆಯ ಮೇಲೆ ಒಣಹಾಕಿದ ಸಿಗಡಿಯಲ್ಲಿ ಹುಳ ಬಿದ್ದದ್ದನ್ನು ಮೊದಲು ಕಂಡವಳು ಹೊನ್ನಮ್ಮ. ತಪ್ಪು ಯಾರದ್ದೆಂದು ತೀರ್ಮಾನಿಸಲು ಅವಳಿಗೆ ಒಂದು ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತೂ ಬೇಕಾಗಲಿಲ್ಲ.

“ದೇವು, ಬಾ ಇಲ್ಲಿ. ನಿನ್ನ ಹೆಂಡ್ತಿ ಮಾಡಿದ ಉಪಕಾರ ಕಾಣು.”

ಅವಳ ಮಗ ದೇವು ಆಗಷ್ಟೇ ಗಜನಿಯಿಂದ ಬಂದು ಕಾಲು ತೊಳೆಯುತ್ತಿದ್ದ. ಹೊಳೆಯ ಉಪ್ಪುನೀರು ಹತ್ತಿ ಇಳಿಯುವ ಆ ತಗ್ಗು ಗದ್ದೆಗಳಲ್ಲಿ ಮಳೆಗಾಲಕ್ಕೆ ಭತ್ತ, ಬೇಸಿಗೆಗೆ ಸಿಗಡಿ, ಊರವರ ಬಾಯಲ್ಲಿ ಶೆಟ್ಲಿ. ಅವನು ಅಂಗಳಕ್ಕೆ ಬಂದು ಬಗ್ಗಿ ಒಂದು ಹಿಡಿ ಎತ್ತಿ ಮೂಸಿದ, ಮುಖ ಹಿಂಡಿ ಕೆಳಗೆ ಹಾಕಿದ. ಒಂದು ಅಮಾಸೆಯ ಇಳಿತಕ್ಕೆ ಸಿಕ್ಕ ಸಿಗಡಿ ಪೂರ್ತಿ ಗೊಬ್ಬರದ ಗುಂಡಿಗೆ. ಆಷಾಢದಲ್ಲಿ ಹೊಳೆಗೆ ಇಳಿಯಲಾಗದ ದಿನಗಳಲ್ಲಿ ಗಂಜಿಯ ಜೊತೆಗೆ ಇದೇ ಗತಿಯಾಗಬೇಕಿತ್ತು.

“ಗಣಪಿ ಎಂತ ಮಾಡಿದ್ಲು?”

“ಬೇಯ್ಸುವ ದಿನ ಅವಳು ಹೊರಗಾಗಿದ್ಲು. ಒಲೆ ಹತ್ರ ಸುಳ್ದಿರಬೇಕು. ಮುಟ್ಟಿನವಳ ನೆರಳು ಬಿದ್ದ ಶೆಟ್ಲಿ ಹುಳ ಆಗದೆ ಮಲ್ಲಿಗೆ ಹೂವು ಆಗ್ತದ್ಯ?”

ಕೊಟ್ಟಿಗೆಯಲ್ಲಿ ಸೆಗಣಿ ಬಾಚುತ್ತಿದ್ದ ಗಣಪಿ ಬುಟ್ಟಿ ಅಲ್ಲೇ ಇಟ್ಟು ಹೊರಗೆ ಬಂದಳು. “ನಾನು ಆ ದಿನ ಕೊಟ್ಟಿಗೆ ಜಗಲಿ ಬಿಟ್ಟು ಇಳೀಲಿಲ್ಲ, ಅತ್ತೆ. ಊಟ ಸುದ್ದಾ ನೀವೇ ದೂರದಿಂದ ಇಟ್ಟು ಹೋದ್ರಿ.”

“ನಾ ಹೊಳೆಗೆ ಹೋದಾಗ ಇಳ್ದಿರ್ತಿ. ನಿನ್ನ ಕಾಲಿಗೆ ನಾ ಹಗ್ಗ ಕಟ್ಟಿದ್ನಾ?”

ಗಣಪಿ ಇಳಿದಿರಲಿಲ್ಲ. ಅದು ಹೊನ್ನಮ್ಮನಿಗೂ ಗೊತ್ತು. ಆದರೆ ಮದುವೆಯಾಗಿ ಮೂರು ವರ್ಷ ಕಳೆದರೂ ಮಡಿಲು ತುಂಬದ ಸೊಸೆಯನ್ನು ಹೊರಗೆ ಹಾಕಲು ಒಂದು ನೆಪ ಬೇಕಿತ್ತು, ನೆಪ ತಾನಾಗಿ ಚಾಪೆಯ ಮೇಲೆ ಹರಿದಾಡುತ್ತಿತ್ತು. ಧಾರೇಶ್ವರದ ಕಡೆ ಹೊನ್ನಮ್ಮನ ತಮ್ಮನ ಮಗಳು ಮಂಜಿ ಮೈನೆರೆದು ಕೂತಿದ್ದಳು. ಮಂಜಿಯ ಕೈಗುಣ, ಮಂಜಿಯ ನಡಿಗೆ, ಮಂಜಿಯ ತಲೆಗೂದಲು, ಇವೆಲ್ಲ ಈಗೀಗ ದಿನಾ ಊಟದ ಹೊತ್ತಿಗೆ ಬರುತ್ತಿದ್ದವು.

ಬೇಲಿಯಾಚೆಯಿಂದ ನೆರೆಮನೆಯ ಸಣ್ಣಿ ಇಣುಕಿದಳು. ಜಗಳದ ವಾಸನೆ ಅವಳ ಮೂಗಿಗೆ ಸಿಗಡಿಯ ವಾಸನೆಗಿಂತ ಮೊದಲು ಬಡಿಯುತ್ತದೆ.

“ಹೊನ್ನಕ್ಕ, ಈ ವರ್ಷ ಹೊಳೆ ನೀರೇ ಸಪ್ಪೆ ಅದೆ. ಮೇಲೆ ಕಟ್ಟೆ ಕಟ್ಟಿ ಕರೆಂಟು ತೆಗೂಕೆ ಹತ್ತಿದ ಮೇಲೆ ಬ್ಯಾಸಗೀಲೂ ಸೀನೀರು ಇಳೀತದೆ. ನಾವೆಲ್ಲಾ ಉಪ್ಪು ಹೆಚ್ಚು ಹಾಕೂಕೆ ಹತ್ತಿದ್ವು.”

“ಹೊಳೆ ಸಪ್ಪೆ ಆಗೂಕೆ ಕಡಲು ಎಂತ ಸತ್ತು ಹೋಯ್ತಾ? ಈ ಮನೆಗೆ ಬಂದಾಗಿಂದ ಇದೇ ಹೊಳೆ ನೀರಿಗೆ ಮೂರು ಬೊಗಸೆ ಉಪ್ಪು ಹಾಕಿ ಬೇಯ್ಸಿದವ್ಳು ನಾನು. ನನ್ನ ನಾಲಗೆಗೆ ಗೊತ್ತಾಗ್ದೆ ಹೊಳೆ ಸಪ್ಪೆ ಆಗ್ತದ್ಯ? ನಿನ್ನ ಒಲೆ ನೀ ನೋಡ್ಕ, ಸಣ್ಣಿ.”

ಆ ನಾಲಗೆಯ ಮೇಲೆಯೇ ಆ ಮನೆ ನಡೆಯುತ್ತಿತ್ತು. ಅಡಿಗೆ ಗಣಪಿಯದು, ಉಪ್ಪು ಹೊನ್ನಮ್ಮನದು. ಮರದ ಉಪ್ಪಿನ ಮರಿಗೆ ಅತ್ತೆಯ ಮಣೆಯ ಪಕ್ಕದಲ್ಲಿರುತ್ತಿತ್ತು. ಸಾರು ಕುದಿದ ಮೇಲೆ ಸೊಸೆ ಸೌಟು ತಂದು ಹಿಡಿಯಬೇಕು, ಅತ್ತೆ ರುಚಿ ನೋಡಿ ತನ್ನ ಕೈಯಾರೆ ಉಪ್ಪು ಹಾಕಬೇಕು. ಹೊನ್ನಮ್ಮನ ಅತ್ತೆಯೂ ಹಾಗೇ ಮಾಡಿದ್ದಳಂತೆ, ಸಾಯುವ ತನಕ.

“ನಮ್ಮೂರ ಕಡೆ ಬೇರೆ ನಮೂನೆ ಬೇಯಿಸ್ತ್ರು,” ಗಣಪಿ ಹೇಳಿದಳು. ಅವಳ ತವರು ಕುಮಟೆಯ ಕಡೆ, ಉಪ್ಪಿನ ಆಗರಗಳ ಮಗ್ಗುಲಿನ ಊರು. “ಒಂದು ಸಲ ನಂಗೆ ಬೇಯ್ಸೂಕೆ ಬಿಡಿ. ಹುಳ ಬಿದ್ರೆ ಕೇಳಿ.”

ದೇವು ಕೆಟ್ಟವನಲ್ಲ. ಅವ್ವಿಯ ಎದುರು ಮಾತ್ರ ಅವನ ಬಾಯಿಗೆ ಬೀಗ. ಅವತ್ತು ಏನೋ ಧೈರ್ಯ ಬಂದು, “ಬರೂ ಹುಣ್ಣಿಮೆ ಶೆಟ್ಲಿ ಇಬ್ರೂ ಬೇಯ್ಸಿ. ಬೇರೆ ಬೇರೆ,” ಅಂದ.

“ಆತು. ಇವಳ ಚಾಪೆ ಹಾಳಾದ್ರೆ ಮರುದಿನವೇ ಕುಮಟೆ ಮೋಟಾರು ಹತ್ಸು. ತಿರುಗಿ ಕರೂಕೆ ಹೋಗೂದು ಬೇಡ. ಒಪ್ಪಿಗ್ಯ?”

ದೇವು ನೆಲ ನೋಡಿದ. ನೆಲದಲ್ಲಿ ಹುಳ ಬಿಟ್ಟರೆ ಬೇರೇನೂ ಇರಲಿಲ್ಲ.

“ನಿಮ್ಮ ಚಾಪೆ ಹಾಳಾದ್ರೆ?” ಗಣಪಿ ಕೇಳಿದಳು.

“ಆಗೂದಿಲ್ಲ,” ಅಂದಳು ಹೊನ್ನಮ್ಮ, ಕಸಬರಿಗೆ ಎತ್ತಿಕೊಂಡು.

ಹುಣ್ಣಿಮೆಯ ಇಳಿತಕ್ಕೆ ದೇವು ಗಜನಿಯಿಂದ ನೀರು ಇಳಿಯುವ ಬಾಗಿಲಿಗೆ ಬಲೆ ಕಟ್ಟಿದ. ಬೆಳಗಾಗುವಾಗ ಬುಟ್ಟಿ ತುಂಬ ಸಿಗಡಿ ತಂದು ಅಂಗಳದಲ್ಲಿ ಎರಡು ಪಾಲು ಮಾಡಿದ. ಸಾರಿಗೆಂದು ಒಂದಿಷ್ಟನ್ನು ಬೇರೆ ತೆಗೆದಿಟ್ಟ. ಸಿಗಡಿ ಬೇಯಿಸುವ ದಿನ ಹಸಿ ಸಿಗಡಿಯ ಸಾರು ಆಗಲೇಬೇಕು, ಅದು ಆ ಮನೆಯ ರೂಢಿ.

ಹೊನ್ನಮ್ಮನ ಒಲೆ ಅಂಗಳದ ನಡುವೆ, ಎಲ್ಲರಿಗೂ ಕಾಣುವಂತೆ. ತಾಮ್ರದ ಹಂಡೆಗೆ ಹೊಳೆಯ ನೀರು, ಮೂರು ಬೊಗಸೆ ಉಪ್ಪು. ನೀರು ಮರಳಿದ ಕೂಡಲೇ ಸಿಗಡಿ ಸುರಿಯುವುದು, ಬಣ್ಣ ತಿರುಗಿ ಬಾಲ ಮುದುರಿ ಮೇಲೆ ತೇಲಿತೋ, ತಡ ಮಾಡದೆ ಬಿದಿರಿನ ಬುಟ್ಟಿಯಿಂದ ಬಾಚಿ ಚಾಪೆಗೆ ಹರಡುವುದು. ಬಿಸಿಲು ಉಳಿದ ಕೆಲಸ ಮಾಡುತ್ತದೆ. ಅವಳ ಕೈ ಚುರುಕಾಗಿತ್ತು, ಅದನ್ನು ಹಗೆಯವರೂ ಒಪ್ಪಬೇಕು.

ಗಣಪಿಗೆ ಸಿಕ್ಕಿದ್ದು ಬಚ್ಚಲ ಹಿಂದಿನ ಮೂರು ಕಲ್ಲು. ಅವಳು ಮೊದಲು ಒಲೆ ಹೊತ್ತಿಸಲೇ ಇಲ್ಲ. ದೊಡ್ಡ ಮಣ್ಣಿನ ಬಾನಿಗೆ ಬಾವಿಯ ನೀರು ಹೊಯ್ದು ಉಪ್ಪು ಕರಗಿಸುತ್ತ ಕೂತಳು. ಕರಗಿಸಿ, ಒಂದು ಕೋಳಿಮೊಟ್ಟೆ ಬಿಟ್ಟು ನೋಡಿದಳು. ಮುಳುಗಿತು. ಮತ್ತೆ ಉಪ್ಪು ಸುರಿದಳು. ಮೊಟ್ಟೆ ಎದ್ದು ಬೋಳುತಲೆ ತೋರಿಸಿದ ಮೇಲೆಯೇ ಒಲೆಯ ಕಡೆ ತಿರುಗಿದಳು. ಬರಿ ನೀರಿನಲ್ಲಿ ಸಿಗಡಿಗೆ ಒಂದು ಕುದಿ ಕೊಟ್ಟು, ಬಿಸಿ ಇರುವಾಗಲೇ ತೆಗೆದು ಬಾನಿಗೆ ಹಾಕಿದಳು. ಸಿಗಡಿ ಮೇಲೆಲ್ಲ ಕೆಂಪಗೆ ತೇಲಿತು.

“ಅದೆಂತದೆ? ನೆನೆಹಾಕೂಕೆ ಅದೇನು ದೋಸೆ ಉದ್ದಾ?” ಹೊನ್ನಮ್ಮ ಕೇಳಿದ್ದು ಸೊಸೆಗಾದರೂ ಕೇಳಿಸಬೇಕಾಗಿದ್ದು ಬೇಲಿಯಾಚೆಗೆ. ಸಣ್ಣಿ ಅಲ್ಲೇ ಇದ್ದಳು.

“ತೇಲೂದು ಉಪ್ಪು ಕುಡಿಲಿಲ್ಲ ಹೇಳಿ ಲೆಕ್ಕ. ಕುಡಿದ ಮೇಲೆ ಮುಳುಗ್ತದೆ. ಮುಳುಗಿದ್ದನ್ನ ಒಣಗಿಸ್ತ್ರು.”

“ನಾಲಗೆ ಸತ್ತವರು ಕೋಳಿಮೊಟ್ಟೆ ಕೇಳ್ಕಂಡು ಉಪ್ಪು ಹಾಕ್ತ್ರು,” ಅಂದಳು ಹೊನ್ನಮ್ಮ. ಅಂದವಳು ಹಂಡೆಯಿಂದ ಒಂದು ಸೌಟು ನೀರೆತ್ತಿ ಊದಿ ಬಾಯಿಗಿಟ್ಟಳು, ನಾಲಗೆ ಚಪ್ಪರಿಸಿದಳು. “ಸಮ ಅದೆ. ಹೀಂಗಿರಬೇಕು.”

ಸೌಟನ್ನು ಹಂಡೆಯ ಅಂಚಿಗೆ ಇಟ್ಟು ಅವಳು ಚಾಪೆಯ ಕಡೆ ಹೋದಳು. ಸೌದೆ ತರುವ ನೆಪದಲ್ಲಿ ಹಾದುಹೋದ ಗಣಪಿ ಸೌಟಿನ ತಳದಲ್ಲಿ ಉಳಿದ ನೀರಿಗೆ ಬೆರಳು ಅದ್ದಿ ನಾಲಗೆಗೆ ಹಚ್ಚಿದಳು. ಮೂರು ಬೊಗಸೆ ಬಿದ್ದರೂ ನೀರಿಗೆ ಗಂಜಿಯಷ್ಟೂ ಉಪ್ಪಿಲ್ಲ. ಬೆಂದ ಸಿಗಡಿಯ ವಾಸನೆಯೇ ಉಪ್ಪಿಗಿಂತ ಮುಂದಿತ್ತು.

ಗಣಪಿ ಸೌದೆ ಹಿಡಿದುಕೊಂಡೇ ನಿಂತಳು. ಹೋದ ಮಳೆಗಾಲದಲ್ಲಿ ಅತ್ತೆಗೆ ಬಂದ ಜ್ವರ ನೆನಪಾಯಿತು. ಹಾಸಿಗೆ ಹಿಡಿದು, ಎದ್ದ ಮೇಲೆ ಗಂಜಿ ಮಣ್ಣಿನ ಹಾಗಿದೆ ಎಂದು ತಟ್ಟೆ ನೂಕಿದ್ದು ನೆನಪಾಯಿತು. ಆಮೇಲಿಂದ ಮನೆಯ ಸಾರು ಒಂದು ದಿನ ಕಡಲು, ಇನ್ನೊಂದು ದಿನ ಬಾವಿ. ದೇವು ಮುಖ ಕಿವಿಚಿದಾಗಲೆಲ್ಲ ಹೊನ್ನಮ್ಮ ಹೇಳುತ್ತಿದ್ದದ್ದು ಒಂದೇ ಮಾತು: “ನಾ ಹಾಕಿದ ಮೇಲೆ ಇವಳು ಕೈ ಹಾಕಿದ್ಲು.” ಅವನು ನಂಬುತ್ತಿದ್ದ. ಅವ್ವಿಯ ನಾಲಗೆ ತಪ್ಪುತ್ತದೆ ಎಂದು ಅವನಿಗೆ ಹೇಗೆ ಹೊಳೆಯಬೇಕು?

ಕನಿಕರ ಬರಬೇಕಿತ್ತೋ ಏನೋ. ಬರಲಿಲ್ಲ. ಸುಳ್ಳು ಯಾಕೆ, ಬಂದದ್ದು ಸಿಟ್ಟೇ. ಇಷ್ಟು ದಿನ ತಿಂದ ಬೈಗಳು, ಮುಟ್ಟಿನ ನೆರಳಿನ ಮಾತು, ಧಾರೇಶ್ವರದ ಮಂಜಿಯ ತಲೆಗೂದಲು, ಎಲ್ಲಾ ಈ ಮುದುಕಿಯ ಸತ್ತ ನಾಲಗೆಯನ್ನು ಮುಚ್ಚಲು. ಈಗಲೇ ಕೂಗಿ ಹೇಳಿದರೆ ಹೊನ್ನಮ್ಮ ಹಂಡೆಗೆ ಇನ್ನೊಂದು ಬೊಗಸೆ ಹಾಕಿ, ಉಪ್ಪು ಕದ್ದು ತೆಗೆದವಳು ಇವಳೇ ಎಂದು ಊರು ಕೂಡಿಸುತ್ತಾಳೆ. ಗಣಪಿ ಸೌದೆಯನ್ನು ತನ್ನ ಒಲೆಗೆ ತುರುಕಿದಳು.

ಬಿಸಿಲೇರಿದ ಮೇಲೆ ಅವಳು ಒಳಗೆ ಹೋಗಿ ಸಾರಿಗೆ ಕಾಯಿ ಕಡೆದಳು, ಹುಳಿ ಹಾಕಿದಳು, ಸಿಗಡಿ ಹಾಕಿ ಕುದಿಸಿದಳು. ಸೌಟು ಹಿಡಿದು ಬಾಗಿಲಿಗೆ ಬಂದಳು.

“ಅತ್ತೆ, ಉಪ್ಪು.”

ಹೊನ್ನಮ್ಮ ಚಾಪೆಯ ಮುಂದೆ ಕೋಲು ಹಿಡಿದು ಕಾಗೆ ಓಡಿಸುತ್ತಿದ್ದಳು. ಅವತ್ತು ಆ ಚಾಪೆ ಬಿಟ್ಟು ಏಳುವವಳಲ್ಲ. “ಇವತ್ತು ನೀನೇ ಹಾಕು. ನೋಡಿ ಹಾಕು ಮತ್ತೆ, ಸುರೀಬೇಡ.”

ಗಣಪಿ ಒಳಗೆ ಬಂದು ಉಪ್ಪಿನ ಮರಿಗೆಯ ಮುಂದೆ ಕೂತಳು. ಕೈ ಹಾಕಲಿಲ್ಲ. ಮರಿಗೆಯ ಮುಚ್ಚಳವನ್ನು ಇನ್ನಷ್ಟು ಸರಿಯಾಗಿ ಕೂರಿಸಿ ಎದ್ದಳು.

ತಾಯಿ ಮಗ ಊಟಕ್ಕೆ ಕೂತರು. ಹೊನ್ನಮ್ಮ ಅಂಗಳ ಕಾಣುವಂತೆ ಬಾಗಿಲಿಗೆ ಮುಖ ಮಾಡಿದ್ದಳು. ಗಣಪಿ ಎಲೆಗೆ ಅನ್ನ ಬಡಿಸಿದಳು, ಸಾರು ಬಡಿಸಿದಳು, ಗೋಡೆಗೆ ಒರಗಿ ನಿಂತಳು. ಈ ಮುದುಕಿ ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡು ಉಂಡು ಎದ್ದರೆ ಉಪ್ಪು ಮರೆತವಳು ಎನ್ನುವ ಹೆಸರೂ ತನಗೇ.

ಹೊನ್ನಮ್ಮ ಮೊದಲ ತುತ್ತು ಬಾಯಿಗಿಟ್ಟಳು. ಅಗಿದಳು. ಮುಖ ಸಿಂಡರಿಸಿದಳು.

“ಎಷ್ಟು ಉಪ್ಪು ಸುರ್ದಿದ್ಯೆ? ನೋಡಿ ಹಾಕು ಹೇಳಿ ಬಾಯಿ ಬಿಟ್ಟು ಹೇಳಿರ್ಲಿಲ್ವ? ಬಾಯಿಗೆ ಇಡೂಕಾಗ್ದು. ದೇವು, ಕಂಡ್ಯಾ? ಒಂದು ದಿನ ಮರಿಗೆ ಕೈಗೆ ಕೊಟ್ಟದ್ದಕ್ಕೆ ಇವಳು ನಮ್ಮನ್ನ ಕಡಲಿಗೆ ಹಾಕಿದ್ಲು.”

ದೇವುವಿನ ಬಾಯಲ್ಲಿ ತುತ್ತು ಇತ್ತು. ಅವನು ಅಗಿಯುವುದನ್ನು ನಿಲ್ಲಿಸಿದ. ಅವ್ವಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಗಣಪಿ ಕಣ್ಣು ಕೆಳಗೆ ಮಾಡಲಿಲ್ಲ. ಅವನು ತುತ್ತು ನುಂಗಿ, ಎಡಗೈ ಚಾಚಿ ಉಪ್ಪಿನ ಮರಿಗೆಯ ಮುಚ್ಚಳ ತೆಗೆದ. ಒಂದು ಚಿಟಿಕೆ ಉಪ್ಪು ತೆಗೆದು ತನ್ನ ಸಾರಿಗೆ ಹಾಕಿಕೊಂಡ. ಕಲೆಸಿ ನೋಡಿದ. ಇನ್ನೊಂದು ಚಿಟಿಕೆ ಹಾಕಿಕೊಂಡ.

ಹೊನ್ನಮ್ಮನ ಕೈ ಎಲೆಯ ಮೇಲೆ ನಿಂತಿತು.

ದೇವು ಅರ್ಧ ಊಟಕ್ಕೆ ಎದ್ದ. ಕೈ ತೊಳೆದು ಅಂಗಳಕ್ಕಿಳಿದು ಅವ್ವಿಯ ಚಾಪೆಯಿಂದ ಒಂದು ಸಿಗಡಿ ಎತ್ತಿ ಸುಲಿದು ಬಾಯಿಗೆ ಹಾಕಿದ. ಇನ್ನೊಂದು ಸುಲಿದ. ಆಮೇಲೆ ಚಾಪೆಯ ಎರಡೂ ತುದಿ ಹಿಡಿದು ಮಡಚಿ, ಬಚ್ಚಲ ಹಿಂದೆ ಒಯ್ದು, ಅದರಲ್ಲಿದ್ದದ್ದನ್ನೆಲ್ಲ ಹೆಂಡತಿಯ ಬಾನಿಗೆ ಸುರಿದ. ಗಣಪಿಯ ಸಿಗಡಿ ಆಗಲೇ ತಳ ಸೇರಿತ್ತು. ಹೊಸದಾಗಿ ಬಿದ್ದದ್ದು ಮೇಲೆಲ್ಲ ತೇಲಿತು.

ಬೇಲಿಯಾಚೆ ಸಣ್ಣಿಯ ತಲೆ ಕಾಣಿಸಿತು. “ಎಂತ ದೇವು, ಅವ್ವಿ ಶೆಟ್ಲಿ ಬಾನಿಗೆ ಹಾಕಿದ್ಯಲ?”

ದೇವು ಖಾಲಿ ಚಾಪೆ ಕೊಡವಿದ. ಗಣಪಿ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು.

“ಅತ್ತೆಯೇ ಹೇಳಿದ್ರು, ಹಾಕೂಕೆ,” ಅಂದಳು, ಒಳಗೆ ಕೂತವಳಿಗೆ ಸರಿಯಾಗಿ ಕೇಳಿಸುವಷ್ಟು ಗಟ್ಟಿಯಾಗಿ. “ಹೊಳೆ ನೀರು ಸಪ್ಪೆ ಆಗಿದ್ದು ಅವರ ನಾಲಗೆಗೇ ಮೊದಲು ಗೊತ್ತಾತು.”

“ಹೌದಾ,” ಅಂದಳು ಸಣ್ಣಿ. ಅವಳು ನಂಬಿದಳೋ ಇಲ್ಲವೋ, ತಲೆ ಬೇಲಿಯ ಕೆಳಗೆ ಇಳಿಯಿತು.

ಒಳಗಿನಿಂದ ಬೈಗಳು ಬರಲಿಲ್ಲ. ಗಣಪಿ ಅಡಿಗೆಮನೆಗೆ ಹೋದಳು, ಉಪ್ಪಿನ ಮರಿಗೆಯನ್ನು ಅತ್ತೆಯ ಮಣೆಯ ಪಕ್ಕದಿಂದ ಎತ್ತಿ ಒಲೆಯ ದಂಡೆಯ ಮೇಲೆ ತನ್ನ ಕೈಗೆ ಸಿಗುವಲ್ಲಿ ಇಟ್ಟಳು. ಹೊನ್ನಮ್ಮ ತಲೆ ಎತ್ತಲಿಲ್ಲ. ಅವಳು ಎಲೆಯ ಮುಂದೆ ಹಾಗೆಯೇ ಕೂತಿದ್ದಳು. ಎಲೆಯ ಅಂಚಿಗೆ ಹರಿದು ನಿಂತ ಸಾರಿಗೆ ತೋರುಬೆರಳು ಅದ್ದಿ ನಾಲಗೆಗೆ ಇಟ್ಟಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾದಳು. ಮತ್ತೆ ಅದ್ದಿ, ಮತ್ತೆ ಇಟ್ಟಳು.