ಕೈಕಂಬದ ವಾಹನ ಎಣಿಕೆ

ಮುಂಡಾಜೆ ರಸ್ತೆಯಲ್ಲಿ ಮೂರು ದಾರಿ ಸೇರುವ ಕೈಕಂಬದ ಮೂಲೆಗೇ ಲೋಕನಾಥ ಶೆಟ್ಟರ ಹೋಟೆಲು. ಬಸ್ಸಿಳಿದವರ ಹಸಿವಿನಿಂದಲೇ ಅದು ನಡೆಯುತ್ತಿತ್ತು. ರಸ್ತೆ ಇಲಾಖೆಯಿಂದ ವಾಹನ ಎಣಿಸುವವರು ಬಂದು ಎದುರಿಗೆ ಕುರ್ಚಿ ಹಾಕಿದಾಗ ಗಂಡನ ಮುಖಕ್ಕೆ ಬಂದ ಕಳೆ ನೋಡಿಯೇ ನೀಲಾವತಿಗೆ ಹೆದರಿಕೆಯಾಯಿತು.

"ನಿನಗೆ ಗೊತ್ತಾಗುವುದಿಲ್ಲ ಮಾರಾಯ್ತಿ. ಇವತ್ತು ಎಣಿಸಿದ್ದನ್ನು ಹಿಡಿದು ಇವರು ಇಪ್ಪತ್ತು ವರ್ಷದ ಆಚೆಯ ಲೆಕ್ಕ ಹಾಕ್ತಾರೆ. ಗಾಡಿ ಜಾಸ್ತಿ ಕಂಡರೆ ಬಸ್‌ಸ್ಟ್ಯಾಂಡು ನಮ್ಮ ಎದುರಿಗೇ."

"ಇಲ್ಲದ ಗಾಡಿ ಎಲ್ಲಿಂದ ತರ್ತೀರಿ? ತಲೆಯೊಳಗಿಂದಲಾ?"

ತಂದೇಬಿಟ್ಟರು. ಹಾಜಬ್ಬನ ರಿಕ್ಷಾ, ದುಬೈಯಿಂದ ರಜೆಗೆ ಬಂದಿದ್ದ ನೀಲಾವತಿಯ ತಮ್ಮ ಭವಿತನ ಕಾರು, ರಬ್ಬರ್ ಶೀಟು ಸಾಗಿಸುವ ಎರಡು ಪಿಕಪ್ಪು. ಎಲ್ಲವೂ ಬೆಳಗಿನಿಂದ ಕೈಕಂಬ ದಾಟಿ, ಸೇತುವೆಯ ಹತ್ತಿರ ತಿರುಗಿ, ಮತ್ತೆ ಕೈಕಂಬ ದಾಟಿದವು. ಸುತ್ತಿಗೊಂದು ಚಾ, ಒಂದು ಪ್ಲೇಟು ಗೋಳಿಬಜೆ. ಬಾಣಲೆಯೆದುರು ಬೆವರಿದವಳು ನೀಲಾವತಿ. ಎಣಿಸುವವರೂ ಅದೇ ಗೋಳಿಬಜೆ ತಿಂದರು; ಅದೇ ರಿಕ್ಷಾ ಮತ್ತೆ ಬಂತಲ್ಲ ಎಂದು ಒಬ್ಬನಾದರೂ ತಲೆ ಎತ್ತಲಿಲ್ಲ. ಗೆರೆ ಎಳೆದರು, ಬಾಯಿ ಒರೆಸಿದರು, ಹೋದರು. ನಾಡಿನ ಭವಿಷ್ಯ ಹೇಳುವವರು ಇವರೇ ಎಂದು ನೆನೆದು ಅವಳಿಗೆ ನಗುವೂ ಬಂತು, ಹೇಸಿಗೆಯೂ ಬಂತು.

ಮಳೆಗಾಲ ಕಳೆದ ಮೇಲೆ ಪಂಚಾಯತಿನಲ್ಲಿ ಸಭೆ ಸೇರಿತು. ಇಂಜಿನಿಯರು ಗೋಡೆಯ ಮೇಲೆ ನಕ್ಷೆ ತೋರಿಸಿದರು. ಮುಂದೆ ಬರಲಿರುವ ಟ್ರಾಫಿಕ್ಕನ್ನು ಈ ಕೈಕಂಬ ತಾಳಲಾರದು. ಆದ್ದರಿಂದ ಗುಡ್ಡದ ಆಚೆಯಿಂದ ಬೈಪಾಸು. ಬಸ್ಸುಗಳೂ ಆಚೆಯೇ.

ಲೋಕನಾಥರು ನಕ್ಷೆಯಲ್ಲಿ ತಮ್ಮ ಹೋಟೆಲು ಹುಡುಕತೊಡಗಿದರು. ನೀಲಾವತಿಯೇ ಎದ್ದಳು.

"ಸರ್, ಅಷ್ಟು ವಾಹನ ಇಲ್ಲಿ ಇಲ್ಲವೇ ಇಲ್ಲ. ನಮ್ಮವರೇ ಸುತ್ತು ಹೊಡೆದದ್ದು. ಗೋಳಿಬಜೆ ಕಾಯಿಸಿ ಕೊಟ್ಟವಳು ನಾನು."

ಇಂಜಿನಿಯರು ಕನಿಕರದಿಂದ ನಕ್ಕರು. "ಒಂದು ಹೋಟೆಲಿನವರು ಸುತ್ತು ಹೊಡೆದರೆ ಇಷ್ಟು ಟ್ರಾಫಿಕ್ ಆಗ್ತದಾ ಅಮ್ಮ? ಇದು ಕಂಪ್ಯೂಟರು ಹಾಕಿದ ಅಂದಾಜು. ಮೇಲಿನವರು ಒಪ್ಪಿಯೂ ಆಯಿತು."

"ಹಾಗಾದರೆ ಆ ಬೈಪಾಸಿನಲ್ಲಿ ಓಡಲಿಕ್ಕೂ ಇವರನ್ನೇ ಕಳಿಸ್ತೇನೆ ಸರ್, ಇಪ್ಪತ್ತು ವರ್ಷ." ಗಂಡನತ್ತ ಕೈ ತೋರಿಸಿ ಕೂತಳು. ಸಭೆ ಗೊಳ್ಳೆಂದಿತು.

ಹೊರಗೆ ಹಾಜಬ್ಬ ರಿಕ್ಷಾಕ್ಕೆ ಒರಗಿ ನಿಂತಿದ್ದ. "ಸಾಕಾ ಅಂತ ನಾನು ಆವತ್ತು ಮಧ್ಯಾಹ್ನವೇ ಕೇಳಿದೆ ಶೆಟ್ರೇ. ಇನ್ನೂ ಹೊಡಿ ಅಂದದ್ದು ನೀವೇ."

ಲೋಕನಾಥರು ತಲೆ ತಗ್ಗಿಸಿ ರಿಕ್ಷಾ ಹತ್ತಿದರು.

"ಅವರನ್ನು ಇಳಿಸು ಹಾಜಬ್ಬ," ಎಂದಳು ನೀಲಾವತಿ, ತಾನು ಹತ್ತುತ್ತಾ. "ನಡ್ಕೊಂಡು ಬರಲಿ. ನಡೆಯುವವರನ್ನು ಯಾರೂ ಎಣಿಸುವುದಿಲ್ಲ."